ಬೆಂಗಳೂರಿನ ಬಡಾವಣೆಗಳು ಮತ್ತು ಸರ್ಕಾರಿ ನಿರ್ಧಾರಗಳ ನ್ಯಾಯಿಕ ಪುನರ್ವಿಮರ್ಶೆ

ಸರ್ಕಾರವೂ ಅದರ ಪ್ರಾಧಿಕಾರಗಳೂ ಕೈಗೊಂಡ ನಿರ್ಧಾರ ಕಾನೂನಿನ ಎಲ್ಲೆಯೊಳಗಿದೆಯೇ ಎಂದು ನ್ಯಾಯಾಲಯ ಪರಿಶೀಲಿಸುವ ಕ್ರಮವನ್ನು ನ್ಯಾಯಿಕ ಪುನರ್ವಿಮರ್ಶೆ ಎನ್ನುತ್ತಾರೆ. ಆಡಳಿತ ಕಾನೂನಿನ ಅಧ್ಯಯನಕ್ಕೆ ಜೀವಾಳವಾದ ಈ ಕ್ರಮ ಬೆಂಗಳೂರಿನಲ್ಲಿ ಬೇರೂರಿದ ಬಗೆಯನ್ನು ಅರಿಯಲು ಇಲ್ಲಿನ ಬಡಾವಣೆಗಳ ಚರಿತ್ರೆ ಉತ್ತಮ ಆಕರವಾಗಿದೆ. ಏಕೆಂದರೆ ನಗರದ ದಕ್ಷಿಣ ಭಾಗದ ಯೋಜಿತ ಬಡಾವಣೆಗಳು ರೈತರ ಜಮೀನನ್ನು ಸರ್ಕಾರಿ ಅಧಿಸೂಚನೆಯ ಮೂಲಕ ಸ್ವಾಧೀನಪಡಿಸಿಕೊಂಡು ರೂಪುಗೊಂಡಂಥವು.

1945ರ ಕಾಯಿದೆಯಿಂದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು; 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದೆ ಬನಶಂಕರಿ ಮತ್ತು ಜೆ.ಪಿ. ನಗರದ ಹಂತಗಳೂ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಹೆಸರುಗಳ ಮೊದಲಕ್ಷರಗಳನ್ನು ಹೊತ್ತ ಬಿಟಿಎಂ ಲೇಔಟ್ ಕೂಡ ಬೆಳೆದುಬಂದವು. ಆದರೆ ಆರಂಭದ ವರ್ಷಗಳಲ್ಲಿ ಸ್ವಾಧೀನವನ್ನು ಪ್ರಶ್ನಿಸುವ ಹಾದಿ ಇಕ್ಕಟ್ಟಾಗಿತ್ತು: ಸಂವಿಧಾನಕ್ಕೆ ಮುನ್ನ ರಿಟ್ (ಪ್ರಾಧಿಕಾರಗಳಿಗೆ ನ್ಯಾಯಾಲಯ ನೀಡುವ ಆಜ್ಞಾಪತ್ರ) ಹೊರಡಿಸುವ ಅಧಿಕಾರ ಕಲ್ಕತ್ತ, ಬೊಂಬಾಯಿ, ಮದರಾಸಿನ ಉಚ್ಚ ನ್ಯಾಯಾಲಯಗಳಿಗೆ ಇತ್ತೇ ಹೊರತು ಮೈಸೂರು ಸಂಸ್ಥಾನದ ಉಚ್ಚ ನ್ಯಾಯಾಲಯಕ್ಕೆ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 226ನೇ ವಿಧಿ ಈ ಕೊರತೆಯನ್ನು ತುಂಬಿತು. ಅಧಿಕಾರ ಮೀರಿದ ಆದೇಶವನ್ನು ರದ್ದುಪಡಿಸುವ ಉತ್ಪ್ರೇಷಣಾ ರಿಟ್, ಕರ್ತವ್ಯ ನೆರವೇರಿಸುವಂತೆ ಅಧಿಕಾರಿಗೆ ಆಜ್ಞಾಪಿಸುವ ಪರಮಾದೇಶ ಮೊದಲಾದವು ಅಂದಿನಿಂದ ಇಲ್ಲಿನ ಜನರಿಗೂ ದೊರೆತವು.

1976ರಲ್ಲಿ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಅದರ ಕಾಯಿದೆಯ 17ನೇ ಪ್ರಕರಣದಡಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿ ಜಮೀನಿನ ಒಡೆಯರಿಗೆ ಆಕ್ಷೇಪಣೆ ಸಲ್ಲಿಸಲು 30 ದಿನ ನೀಡಬೇಕು. ಸರ್ಕಾರದ ಮಂಜೂರಾತಿಯ ಬಳಿಕವೇ 19ನೇ ಪ್ರಕರಣದ ಅಂತಿಮ ಅಧಿಸೂಚನೆ ಹೊರಡಬೇಕು. ಐದು ವರ್ಷಗಳೊಳಗೆ ಬಹುಮಟ್ಟಿಗೆ ಕಾರ್ಯಗತವಾಗದ ಯೋಜನೆ 27ನೇ ಪ್ರಕರಣದಂತೆ ರದ್ದಾಗುತ್ತದೆ. ಈ ಹಂತಗಳೆಲ್ಲ ಜಮೀನು ಕಳೆದುಕೊಳ್ಳುವವನನ್ನು ಕುರಿತವು. ಬಡಾವಣೆಯಲ್ಲಿ ನೆಲೆಸಿದ ನಿವಾಸಿಗೆ, ತನ್ನ ನಿವೇಶನಕ್ಕೆ ಸಂಬಂಧವಿಲ್ಲದ ಆದೇಶವನ್ನು ಪ್ರಶ್ನಿಸುವ ಹಕ್ಕಿದೆಯೇ ಎಂಬುದು ಇತ್ಯರ್ಥವಾಗಬೇಕಿತ್ತು.

ಉತ್ತರ ಬಂದದ್ದು ನಗರದ ಉತ್ತರ ಭಾಗದ ರಾಜಮಹಲ್ ವಿಲಾಸ್ ಬಡಾವಣೆಯಿಂದ. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಸರ್ಕಾರದ ಆದೇಶದಂತೆ ಖಾಸಗಿ ಆಸ್ಪತ್ರೆಗಾಗಿ ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಹಂಚಿದಾಗ ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಏಕಸದಸ್ಯ ಪೀಠ ಅರ್ಜಿಯನ್ನು ವಜಾಮಾಡಿದರೂ ವಿಭಾಗೀಯ ಪೀಠ ಅದನ್ನು ಪುರಸ್ಕರಿಸಿ ಹಂಚಿಕೆಯನ್ನು ರದ್ದುಪಡಿಸಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಟಿ. ಕೊಚ್ಚು ಥೊಮ್ಮೆನ್ ಹಾಗೂ ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅವರ ಪೀಠ ಹಂಚಿಕೆಯ ರದ್ದತಿಯನ್ನು ಖಾಯಂಗೊಳಿಸಿತು. ಮಂಜೂರಾದ ಯೋಜನೆಯನ್ನು ಬದಲಿಸಲು ಪ್ರಾಧಿಕಾರ ತನ್ನ ವಿವೇಚನೆಯಿಂದಲೇ ಮುಂದಾಗಬೇಕೇ ಹೊರತು ಮೇಲಿನವರ ಆಣತಿಗೆ ಮಣಿಯುವಂತಿಲ್ಲ, ಉದ್ಯಾನದ ನೆಲೆಗಾಗಿ ನ್ಯಾಯ ಕೇಳುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ ಎಂಬ ಎರಡು ತತ್ವಗಳು ಇದರಿಂದ ದೃಢಪಟ್ಟವು.

ನ್ಯಾಯಾಲಯದ ಈ ಪುನರ್ವಿಮರ್ಶೆಯ ಅಧಿಕಾರಕ್ಕೂ ಎಲ್ಲೆಯಿದೆ. 1947ರಲ್ಲಿ ಇಂಗ್ಲೆಂಡಿನ ವೆಡ್ನೆಸ್‌ಬರಿ ಪ್ರಕರಣ ರೂಪಿಸಿದ ಸೂತ್ರದಂತೆ, ನಿರ್ಧಾರ ಜಾಣತನದ್ದೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೂಗುವುದಿಲ್ಲ. ವಿವೇಕವುಳ್ಳ ಯಾವ ಪ್ರಾಧಿಕಾರವೂ ತಲುಪಲಾರದ ತೀರ್ಮಾನವಾದರೆ ಮಾತ್ರ ಕೈಹಾಕುತ್ತದೆ. ಇದರ ಹೊರತಾಗಿ ಅಧಿಕಾರ ವ್ಯಾಪ್ತಿ, ವಿಧಿವಿಧಾನಗಳ ಪಾಲನೆ, ಅಹವಾಲಿನ ಅವಕಾಶ ಇವು ನ್ಯಾಯಾಲಯದ ಮುಖ್ಯ ಪರೀಕ್ಷೆಗಳು. ಆದ್ದರಿಂದ ಜಯನಗರದ ಉದ್ಯಾನವಿರಲಿ, ಬನಶಂಕರಿಯ ನಾಗರಿಕ ಸೌಲಭ್ಯದ ನಿವೇಶನವಿರಲಿ, ಅದರ ರಕ್ಷಣೆ ನ್ಯಾಯಾಧೀಶರ ಒಲವನ್ನು ಅವಲಂಬಿಸಿಲ್ಲ. ಯೋಜನೆಯ ನಕ್ಷೆ, ಅಧಿಸೂಚನೆ ಮತ್ತು ಕಡತಗಳನ್ನು ಓದಿ ವಿಳಂಬವಿಲ್ಲದೆ ಪ್ರಶ್ನಿಸುವ ನಿವಾಸಿಗಳನ್ನು ಅವಲಂಬಿಸಿದೆ. ಆಡಳಿತ ಕಾನೂನು ತರಗತಿಯ ಪಠ್ಯವಾಗಿ ಉಳಿಯದೆ ನಾಗರಿಕರ ಸಾಮಾನ್ಯ ತಿಳಿವಳಿಕೆಯಾಗಬೇಕು.