ಕೊಟ್ಟಿಗೆಯ ಬೇಲಿ, ಕಾಡಿನ ಅಂಚು

ದಕ್ಷಿಣ ಕೊಡಗಿನ ಶ್ರೀಮಂಗಲ ಬ್ರಹ್ಮಗಿರಿಯ ಮಡಿಲಲ್ಲಿರುವ ಊರು. ಅಲ್ಲಿ ಗದ್ದೆ ಮುಗಿಯುವಲ್ಲಿಯೇ ಕಾಡು ಮೊದಲಾಗುತ್ತದೆ. ನಾಟಿಯ ಕೆಲಸ ತೀರಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದಂದು ಉತ್ತು ದಣಿದ ಎತ್ತುಗಳಿಗೆ ಪೂಜೆ ಸಲ್ಲುವುದು ಕೊಡವರ ಪದ್ಧತಿ. ಅಂದು ಕೋವಿ ಕತ್ತಿಗಳಿಗೂ ಪೂಜೆಯುಂಟು. ಹಿಂದೆ ಹಬ್ಬದ ಬೆನ್ನಿಗೇ ಬೇಟೆ ನಡೆಯುತ್ತಿತ್ತು. ಕೊಟ್ಟಿಗೆಯ ಪಶು ಮನೆಯ ಬಂಧು, ಕಾಡಿನ ಮೃಗ ಕೋವಿಗೆ ಗುರಿ. ಮನುಷ್ಯನು ಎಳೆದ ಈ ಗೆರೆ ಬಹು ಹಳೆಯದು.

ಗೆರೆಯ ಈಚೆಗಿನ ಪ್ರಾಣಿಗಳ ಆರೈಕೆಯನ್ನು ಕನ್ನಡಿಗರು ಶಾಸ್ತ್ರವೆಂದೇ ಭಾವಿಸಿದ್ದರು. 12ನೆಯ ಶತಮಾನದ ಆರಂಭದ ವೇಳೆಗೆ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಅದರಲ್ಲಿ ಮದ್ದಿನ ಜೊತೆಗೆ ಮಂತ್ರವೂ ಇದೆ. ನಾವು ನಗಬೇಕಾಗಿಲ್ಲ, ಮದ್ದು ಸೋತಲ್ಲಿ ಒಡೆಯನ ದುಃಖ ಮಂತ್ರದ ಮೊರೆ ಹೋಗುವುದು ಸಹಜ.

ಮದ್ದು ಮಂತ್ರಗಳೆರಡನ್ನೂ ಸೋಲಿಸಿದ್ದು ‘ದೊಡ್ಡರೋಗ’. ಜ್ವರ, ಬಾಯಿಹುಣ್ಣು, ಭೇದಿ. ಕೆಲವೇ ದಿನಗಳಲ್ಲಿ ಸಾವು. ಎತ್ತು ಸತ್ತರೆ ಗದ್ದೆ ಬೀಳು, ಗದ್ದೆ ಬೀಳಾದರೆ ಮನೆಯಲ್ಲಿ ಹಸಿವು. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ, ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಶಾಲೆ ಇದರ ಬೆನ್ನುಹತ್ತಿತು. 1920ರ ದಶಕದಲ್ಲಿ ಅಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸಿ, ಅದರ ಕಸುವನ್ನು ಕುಗ್ಗಿಸಿ, ಲಸಿಕೆಯನ್ನು ಸಿದ್ಧಪಡಿಸಿದರು. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯ ಮೊದಲಾಯಿತು.

ಆದರೆ ರೋಗಕ್ಕೆ ನಮ್ಮ ಗೆರೆ ತಿಳಿಯದು. ಮೇಯಲು ಕಾಡಿಗೆ ಹೋದ ದನವೂ ಅಲ್ಲಿನ ಕಾಟಿಯೂ ಒಂದೇ ಹುಲ್ಲು ಮೇಯುತ್ತವೆ, ಒಂದೇ ಕೆರೆಯ ನೀರು ಕುಡಿಯುತ್ತವೆ. ಶ್ರೀಮಂಗಲಕ್ಕೆ ಮೂಡಲಲ್ಲಿ ನಾಗರಹೊಳೆಯ ಕಾಡು. ಕಬಿನಿಯ ಆಚೆಗೆ ಬಂಡೀಪುರ, ಮುದುಮಲೆ. 1968ರಲ್ಲಿ ಆ ಎರಡು ಕಾಡುಗಳಲ್ಲಿ ದೊಡ್ಡರೋಗ ಹರಡಿ ಕಾಟಿಗಳು ಸತ್ತವು. ಕಾಟಿಯನ್ನು ಹಿಡಿದು ಚುಚ್ಚುಮದ್ದು ಕೊಡುವವರಾರು? ಅದನ್ನು ಉಳಿಸಲು ಇದ್ದ ದಾರಿಯೆಂದರೆ ಕೊಟ್ಟಿಗೆಯ ದನಕ್ಕೆ ಲಸಿಕೆ ಹಾಕುವುದು.

1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ತಡೆಯಿತು. 1995ರ ನಂತರ ಭಾರತದಲ್ಲಿ ದೊಡ್ಡರೋಗ ಕಾಣಿಸಲಿಲ್ಲ. 2011ರಲ್ಲಿ ಅದು ಜಗತ್ತಿನಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯನು ನಿರ್ಮೂಲ ಮಾಡಿದ ಎರಡನೆಯ ರೋಗ ಅದು.

ಕಾಡಂಚಿನ ಬಾಳು ಇದರಿಂದ ಸುಗಮವಾಯಿತೆಂದಲ್ಲ. ಆನೆ ಗದ್ದೆಗೆ ಇಳಿಯುತ್ತದೆ, ಹುಲಿ ದನವನ್ನು ಕೊಲ್ಲುತ್ತದೆ. ಕಳೆದುಕೊಂಡವನ ಸಿಟ್ಟು ನ್ಯಾಯವಾದದ್ದೇ. ಆದರೂ, ಲಸಿಕೆಗಾಗಿ ತನ್ನ ಎತ್ತಿನ ಮೂಗುದಾರ ಹಿಡಿದು ನಿಂತ ಅನಾಮಧೇಯ ರೈತನು, ತಾನೆಂದೂ ಸಾಕದ ಮೃಗಗಳನ್ನೂ ಕಾಯ್ದಿದ್ದಾನೆ. ಈ ಉಪಕಾರವನ್ನು ಬರೆದಿಡುವ ಗೋವೈದ್ಯ ಇನ್ನೂ ಹುಟ್ಟಬೇಕಾಗಿದೆ.