ತಂತಿಯಲ್ಲಿ ಬಂದ ಹೂವು

ದೂರದ ಊರಿನಲ್ಲಿ ಹತ್ತಿರದವರೊಬ್ಬರು ತೀರಿಕೊಂಡಿದ್ದಾರೆ, ಹೋಗಲು ಸಾಧ್ಯವಿಲ್ಲ. ಹೂವನ್ನಾದರೂ ಕಳುಹಿಸೋಣವೆಂದರೆ ಅದು ದಾರಿಯಲ್ಲೇ ಬಾಡುತ್ತದೆ. ಈ ಸಂಕಟಕ್ಕೆ ಅಮೆರಿಕದ ಹೂವಿನ ವ್ಯಾಪಾರಿಗಳು 1910ರಲ್ಲಿ ಕಂಡುಕೊಂಡ ಪರಿಹಾರ ಸರಳವಾದದ್ದು: ಹೂವು ಪ್ರಯಾಣ ಮಾಡುವುದು ಬೇಡ, ಮಾತು ಮಾತ್ರ ಹೋಗಲಿ. ಆದರೆ ದೂರದವರ ಪರವಾಗಿ ಊರಿನವರು ಹೂವಿಡುವುದು ವ್ಯಾಪಾರವಾಗುವುದಕ್ಕೆ ಮುಂಚೆಯೇ ಇತ್ತು. ಅದಕ್ಕೆ ದಕ್ಷಿಣದ ಒಂದು ಸಣ್ಣ ಪಟ್ಟಣವೇ ಸಾಕ್ಷಿ.

ಮಿಸಿಸಿಪ್ಪಿ ರಾಜ್ಯದಲ್ಲಿ ಟಾಂಬಿಗ್ಬೀ ನದಿಯ ದಂಡೆಯ ಮೇಲಿರುವ ಕೊಲಂಬಸ್ ಹಳೆಯ ಮನೆಗಳಿಗೆ ಹೆಸರಾದ ಊರು. ನಾಟಕಕಾರ ಟೆನ್ನೆಸ್ಸೀ ವಿಲಿಯಮ್ಸ್ 1911ರಲ್ಲಿ ಹುಟ್ಟಿದ್ದು ಇಲ್ಲೇ. ಅಂತರ್ಯುದ್ಧದ ಕಾಲದಲ್ಲಿ, 1862ರ ಏಪ್ರಿಲ್‌ನಲ್ಲಿ ನಡೆದ ಶೈಲೋ ಕದನದ ಗಾಯಾಳುಗಳನ್ನು ಈ ಊರಿನ ಆಸ್ಪತ್ರೆಗಳಿಗೆ ತಂದರು. ಉಳಿಯದವರನ್ನು ಫ್ರೆಂಡ್‌ಶಿಪ್ ಸ್ಮಶಾನದಲ್ಲಿ ಹೂಳಿದರು. ಅವರಲ್ಲಿ ಬಹುಪಾಲು ದಕ್ಷಿಣದ ಸೈನಿಕರು, ಉತ್ತರದವರೂ ಕೆಲವರಿದ್ದರು. 1866ರ ಏಪ್ರಿಲ್ 25ರಂದು ತಮ್ಮವರ ಸಮಾಧಿಗಳನ್ನು ಅಲಂಕರಿಸಲು ಹೋದ ಊರಿನ ಹೆಂಗಸರು ಶತ್ರುಗಳ ಸಮಾಧಿಗಳ ಮೇಲೂ ಹೂವಿಟ್ಟರು. ಬರಲಾಗದ ಉತ್ತರದ ತಾಯಂದಿರ ಕೆಲಸವನ್ನು ಯುದ್ಧದಲ್ಲಿ ಸೋತ ಊರಿನವರು ಮಾಡಿದಂತಾಯಿತು. ಇದರಿಂದ ಪ್ರೇರಿತನಾಗಿ ಫ್ರಾನ್ಸಿಸ್ ಮೈಲ್ಸ್ ಫಿಂಚ್ ಬರೆದ ಕವನ 1867ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು.

ಇದೇ ಮೊದಲೆನ್ನುವಂತಿಲ್ಲ. ಅದಕ್ಕೆ ಹಿಂದಿನ ವರ್ಷ, 1865ರ ಮೇ 1ರಂದು, ಚಾರ್ಲ್ಸ್‌ಟನ್ ನಗರದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪುಜನರು, ಸೆರೆಯಲ್ಲಿ ಸತ್ತ ಉತ್ತರದ ಸೈನಿಕರ ಸಮಾಧಿಗಳಿಗೆ ಹೂವು ಹೊದಿಸಿದ್ದರು. ಅವರನ್ನು ಕುರಿತು ಹಾಡುವವರಿರಲಿಲ್ಲ. ಆ ಘಟನೆ ದಶಕಗಳ ಕಾಲ ಮರೆತೇಹೋಗಿತ್ತು. ಹೂವಿಟ್ಟ ಕೈಗಳಲ್ಲೂ ಕೆಲವನ್ನು ಮಾತ್ರ ಚರಿತ್ರೆ ನೆನಪಿಡುತ್ತದೆ.

1910ರಲ್ಲಿ ಹುಟ್ಟಿದ ಸಂಘದ ಹೆಸರು ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ. ಗಿರಾಕಿ ತನ್ನೂರಿನ ಅಂಗಡಿಯಲ್ಲಿ ಹಣ ಕಟ್ಟುತ್ತಾನೆ. ಅಂಗಡಿಯವನು ಮತ್ತೊಂದು ಊರಿನ ಸದಸ್ಯನಿಗೆ ತಂತಿ ಕೊಡುತ್ತಾನೆ. ಅವನು ತನ್ನಲ್ಲಿರುವ ಹೂವು ಕಟ್ಟಿ ಮನೆಗೋ ಚರ್ಚಿಗೋ ತಲುಪಿಸುತ್ತಾನೆ. ಹಣವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಹೂವು ಇದ್ದಲ್ಲೇ ಇತ್ತು, ದೂರ ಹೋದದ್ದು ತಂತಿ ಮಾತ್ರ. 1914ರಲ್ಲಿ ಸಂಘವು ರೋಮನ್ನರ ದೂತದೇವತೆ ಮರ್ಕ್ಯುರಿಯನ್ನು ತನ್ನ ಲಾಂಛನ ಮಾಡಿಕೊಂಡಿತು. 1965ರಲ್ಲಿ ಹೆಸರಿನ ಟೆಲಿಗ್ರಾಫ್ ಹೋಗಿ, ಜಗತ್ತನ್ನೇ ಸುತ್ತುವ ಅರ್ಥದ ಟ್ರಾನ್ಸ್‌ವರ್ಲ್ಡ್ ಬಂದಿತು.

ಕಳುಹಿಸಿದವನು ಆ ಹೂವನ್ನು ಕಣ್ಣಿಂದ ನೋಡುವುದೇ ಇಲ್ಲ. ಆದ್ದರಿಂದ ಇಡೀ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಗೂ ಪೆಟ್ಟು ಬಿದ್ದಿದೆ. ಎಲ್ಲೋ ಕುಳಿತು ದೂರವಾಣಿಯಲ್ಲಿ ಆರ್ಡರ್ ಪಡೆಯುವ ಕೆಲವರು ಸಣ್ಣ ಊರಿನ ಅಂಗಡಿಯವರಂತೆ ಹೆಸರು ಹಾಕಿಕೊಂಡು, ಹಣದ ದೊಡ್ಡ ಪಾಲು ತಾವಿಟ್ಟುಕೊಂಡು, ಉಳಿದದ್ದನ್ನು ನಿಜವಾದ ಅಂಗಡಿಗೆ ಕೊಡತೊಡಗಿದರು. ಇದನ್ನು ತಡೆಯಲು ಹಲವು ರಾಜ್ಯಗಳು ಕಾನೂನು ಮಾಡಬೇಕಾಯಿತು.

ಸಣ್ಣ ಊರಿನ ಹೂವಂಗಡಿಯಲ್ಲಿ ಈಗ ಹೂವು ಕೂಡ ಊರಿನದಾಗಿರುವುದು ಕಡಿಮೆ. ಅಮೆರಿಕದಲ್ಲಿ ಮಾರಾಟವಾಗುವ ಕತ್ತರಿಸಿದ ಹೂವುಗಳಲ್ಲಿ ಹೆಚ್ಚಿನವು ಕೊಲಂಬಿಯ, ಈಕ್ವೆಡಾರ್‌ಗಳಿಂದ ವಿಮಾನದಲ್ಲಿ ಮಯಾಮಿಗೆ ಬಂದಿಳಿಯುತ್ತವೆ. ಹಾಗಾದರೆ ಸ್ಥಳೀಯವೆನ್ನಲು ಉಳಿದದ್ದೇನು? ಸತ್ತವರ ಮನೆ ಯಾವ ಬೀದಿಯಲ್ಲಿದೆ, ಪ್ರಾರ್ಥನೆ ಎಷ್ಟು ಹೊತ್ತಿಗೆ, ಯಾವ ಚರ್ಚಿನಲ್ಲಿ, ಸಮಾಧಿ ಯಾವ ಸಾಲಿನಲ್ಲಿ ಎಂದು ಬಲ್ಲ ಮನುಷ್ಯ. ದೂರದಲ್ಲಿರುವವನು ಹಣ ಕೊಡುವುದು ಹೂವಿಗೆ. ಅವನಿಗೆ ನಿಜವಾಗಿ ಬೇಕಾಗಿರುವುದು ತನ್ನ ಬದಲಿಗೆ ಅಲ್ಲಿ ಹೋಗಿ ನಿಲ್ಲುವ ಒಬ್ಬರು. 1866ರಲ್ಲಿ ಕೊಲಂಬಸ್ಸಿನ ಹೆಂಗಸರು ಯಾರೂ ಕೇಳದೆ ಮಾಡಿದ್ದು ಅದನ್ನೇ.