ಶಿಸ್ತಿನ ನಾಡಿನ ಪಾಳುಕೋಟೆಗಳು

ಕೋಟೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಚಿತ್ರದುರ್ಗದ ಬಂಡೆಗಳೋ ಹಂಪೆಯ ಬಯಲೋ ಕಣ್ಣಮುಂದೆ ಬರುವುದು ಸಹಜ. ಅವು ಬಿಸಿಲಿನ ಕೋಟೆಗಳು. ದೂರದಿಂದಲೇ ನಮ್ಮನ್ನು ಕೈಬೀಸಿ ಕರೆಯುತ್ತವೆ. ಮಲೆನಾಡಿನ ಕೋಟೆಗಳ ಸ್ವಭಾವ ಬೇರೆ. ಅವು ಮರಗಳ ಮರೆಯಲ್ಲಿ ಅಡಗಿ ಕುಳಿತಿವೆ. ಹತ್ತು ಮಾರು ಹತ್ತಿರಕ್ಕೆ ಹೋಗುವವರೆಗೂ ಅಲ್ಲೊಂದು ಗೋಡೆಯಿದೆ ಎಂದು ತಿಳಿಯುವುದೇ ಇಲ್ಲ. ಕಟ್ಟಿದವರ ಉದ್ದೇಶವೂ ಅದೇ ಆಗಿತ್ತು.

ಈ ಮಾತು ಮನಸ್ಸಿಗೆ ನಾಟಿದ್ದು ಶಾಲೆಯ ಹುಡುಗರನ್ನು ಕರೆದುಕೊಂಡು ಶಿವಮೊಗ್ಗ ಜಿಲ್ಲೆಯ ಮೂರು ಸ್ಥಳಗಳನ್ನು ನೋಡಿಬಂದಾಗ. ಚರಿತ್ರೆಯ ಕ್ರಮದಲ್ಲಿ ಹೇಳುವುದಾದರೆ ಕೆಳದಿ, ಇಕ್ಕೇರಿ, ಬಿದನೂರು ಎಂದು ಹೇಳಬೇಕು; ಕೆಳದಿಯ ಅರಸರ ರಾಜಧಾನಿ ಸಾಗಿದ ದಾರಿ ಅದು. ನಮ್ಮ ಬಸ್ಸು ತೀರ್ಥಹಳ್ಳಿಯ ಕಡೆಯಿಂದ ಹೊರಟದ್ದರಿಂದ ನಾವು ಚರಿತ್ರೆಯನ್ನು ಹಿಂದುಮುಂದಾಗಿಯೇ ಓದಬೇಕಾಯಿತು.

ಮೊದಲು ಸಿಕ್ಕಿದ್ದು ಕವಲೇದುರ್ಗ. ಭುವನಗಿರಿ ಎಂಬುದು ಇದರ ಇನ್ನೊಂದು ಹೆಸರು. ಬುಡದಲ್ಲಿ ಕೆರೆ, ಗದ್ದೆಗಳ ನಡುವೆ ಕಾಲುದಾರಿ, ಆಮೇಲೆ ಕಲ್ಲು ಹಾಸಿದ ಏರು. ಬೆಟ್ಟದ ಮೈಯನ್ನೇ ಅನುಸರಿಸಿ ಒಂದರ ಮೇಲೊಂದರಂತೆ ಮೂರು ಸುತ್ತಿನ ಗೋಡೆ. ಒಂದು ಹೆಬ್ಬಾಗಿಲು ದಾಟಿದೆವೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಒಳಗೆ ಕಾಶೀವಿಶ್ವನಾಥನ ಗುಡಿ, ಕೊಳಗಳು, ನೆತ್ತಿಯಲ್ಲಿ ಬಂಡೆಯ ಮೇಲೆ ಪುಟ್ಟ ಶಿಖರೇಶ್ವರ. ಅಲ್ಲಿ ನಿಂತು ನೋಡಿದರೆ ಸಹ್ಯಾದ್ರಿಯ ಸಾಲುಗಳು ನೀಲಿಯ ಮೇಲೆ ನೀಲಿಯಾಗಿ ಪಡುವಣಕ್ಕೆ ಇಳಿದುಹೋಗುತ್ತವೆ. ಹುಡುಗರು ಅಲ್ಲಿಯವರೆಗೆ ಇಂಬಳಗಳನ್ನು ಶಪಿಸುತ್ತಿದ್ದವರು, ಅಲ್ಲಿ ಸುಮ್ಮನಾದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆತ್ತಿಯ ನೋಟವಲ್ಲ, ಅರಮನೆಯ ಅಡಿಪಾಯ. ಅಗೆತದಿಂದ ಹೊರಬಂದಿರುವ ಆ ನೆಲಗಟ್ಟಿನಲ್ಲಿ ಈಗ ಮಾಡಿಲ್ಲ, ಗೋಡೆಗಳೂ ಮೊಣಕಾಲೆತ್ತರ. ಉಳಿದಿರುವುದು ಕಲ್ಲಿನ ಒಲೆ, ಒಂದೇ ಕಲ್ಲುಕಟ್ಟಿನಲ್ಲಿ ಹಲವು ಪಾತ್ರೆ ಇಡುವಂಥದು, ಬಚ್ಚಲು, ನೀರು ಹರಿದುಹೋಗಲು ಅಚ್ಚುಕಟ್ಟಾಗಿ ಕಡೆದ ಕಾಲುವೆಗಳು. ಒಬ್ಬ ಹುಡುಗ, “ಇಷ್ಟೇನಾ ಮೇಷ್ಟ್ರೇ, ಅರಮನೆ?” ಎಂದ. ಅವನ ನಿರಾಶೆ ನನಗೆ ಅರ್ಥವಾಯಿತು. ಅವನು ಕಂಡಿದ್ದ ಅರಮನೆ ಮೈಸೂರಿನದು. ಆದರೆ ಆರು ತಿಂಗಳು ಮಳೆ ಹೊಡೆಯುವ ಈ ಸೀಮೆಯಲ್ಲಿ ಅರಸನಾದರೂ ಮನೆ ಕಟ್ಟುವುದು ಮರದಿಂದ. ಮರ ಬೆಂಕಿಗೆ ಹೋಯಿತು, ಗೆದ್ದಲಿಗೆ ಹೋಯಿತು. ಕಲ್ಲಾಗಿ ಉಳಿದದ್ದು ಬೆಂಕಿ ಮತ್ತು ನೀರಿಗೆ ಸೇರಿದ ಭಾಗ ಮಾತ್ರ. ಮಲೆನಾಡಿನ ದುರ್ಗಕ್ಕೆ ಹೊರಗಿನ ಶತ್ರು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುತ್ತಿದ್ದ. ಮಳೆ ಪ್ರತಿ ಜ್ಯೇಷ್ಠಕ್ಕೆ ಬರುತ್ತಿತ್ತು. ಆ ಕಾಲುವೆಗಳು ಇಂದಿಗೂ ನೀರು ಬಿಟ್ಟುಕೊಡುವ ರೀತಿಯನ್ನು ನೋಡಿದರೆ ಕಟ್ಟಿದವರು ಯಾವ ಶತ್ರುವಿಗೆ ಹೆಚ್ಚು ಅಂಜಿದ್ದರೆಂದು ತಿಳಿಯುತ್ತದೆ.

ಅಲ್ಲಿಂದ ನಗರ. ಹೆಸರು ನಗರ, ಊರು ಹಳ್ಳಿ. ಇದೇ ಹಿಂದಿನ ಬಿದನೂರು. 1637ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನ ಇಕ್ಕೇರಿಯನ್ನು ಸೂರೆಗೊಂಡ ಮೇಲೆ ರಾಜಧಾನಿ ಇನ್ನೂ ಒಳನಾಡಿಗೆ, ಈ ಕಾಡಿನ ನಡುವಿಗೆ ಸರಿಯಿತು. ಶಿವಪ್ಪನಾಯಕನ ಕಾಲದಲ್ಲಿ ಇದು ಬೆಳೆಯಿತು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1689ರಲ್ಲಿ, ಔರಂಗಜೇಬನ ದಂಡು ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ದೊರೆತದ್ದು ಈ ರಾಜ್ಯದಲ್ಲೇ. ಆ ಕಥೆ ಮಕ್ಕಳ ಪಾಠಪುಸ್ತಕಗಳಲ್ಲೂ ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. 1763ರಲ್ಲಿ ಹೈದರಾಲಿ ಬಂದ. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗದ ಕಡೆಗೆ ಹೊರಟಳು, ಸಿಕ್ಕಿಬಿದ್ದಳು, ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರು ಹೈದರನಗರವಾಯಿತು, ಕಾಲಕ್ರಮದಲ್ಲಿ ಹೈದರನ ಹೆಸರು ಉದುರಿ ಬರಿಯ ನಗರ ಉಳಿಯಿತು. ಒಂದು ವಿಶೇಷವೆಂದರೆ, ಇಲ್ಲಿ ಹೈದರನು ಹಾಕಿಸಿದ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಇಕ್ಕೇರಿ ವರಹದ ಶಿವಪಾರ್ವತಿಯರೇ ಮುಂದುವರಿದರು. ಇನ್ನೊಂದು ಮುಖದಲ್ಲಿ ಮಾತ್ರ ಅವನ ಹೆಸರಿನ ಮೊದಲಕ್ಷರ. ಜನ ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ವ್ಯವಹಾರ ಜ್ಞಾನ ಅವನಿಗಿತ್ತು. ಕೋಟೆಯೊಳಗೆ ಈಗ ಕಾಣುವುದು ಕಂದಕ, ಕೊತ್ತಳ, ದರ್ಬಾರಿನದೆನ್ನುವ ಜಗಲಿ, ಅಕ್ಕತಂಗಿಯರ ಕೊಳ. ಊರಿಗೆ ಸಮೀಪದ ದೇವಗಂಗೆಯ ಕೊಳಗಳನ್ನು ತಪ್ಪದೆ ನೋಡಬೇಕು. ಬೆಟ್ಟದ ನೀರು ಒಂದರಿಂದ ಒಂದಕ್ಕೆ ಹರಿಯುವಂತೆ ಮಾಡಿರುವ ಕೆಲಸ ಕೋಟೆಯ ಗೋಡೆಗಿಂತ ಜಾಣತನದ್ದು.

ಕೊನೆಗೆ ಸಾಗರದ ಪಕ್ಕದ ಇಕ್ಕೇರಿ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟ ಹತ್ತಿ ವೆಂಕಟಪ್ಪನಾಯಕನ ಈ ಆಸ್ಥಾನಕ್ಕೆ ಬಂದಿದ್ದ. ಗೇರುಸೊಪ್ಪೆ ಅವನ ಕಾಲಕ್ಕಾಗಲೇ ಹಾಳೂರು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಕೆಲವು ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಆತ ಕಂಡ. ಉಪಾಧ್ಯಾಯರು ಅಲ್ಲಿರಲಿಲ್ಲ. ಮರೆತವನಿಗೆ ಮರೆಯದವನು ಹೇಳಿಕೊಡುತ್ತಿದ್ದ. ಈ ಭಾಗವನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ. ಕಾರಣ ಓದುಗರು ಊಹಿಸಬಹುದು.

ಆತ ಕಂಡ ಬಾಗಿಲುಗಳಿಲ್ಲ, ಕಂದಕಗಳಿಲ್ಲ, ಬಿದಿರಿನ ಬೇಲಿಗಳಿಲ್ಲ. ಇರುವುದು ಅಘೋರೇಶ್ವರನ ಕಲ್ಲುಗುಡಿ, ಎದುರಿಗೆ ಕಮಾನುಗಳ ಮಂಟಪದಲ್ಲಿ ಭಾರಿ ನಂದಿ. ಗರ್ಭಗುಡಿಯ ಮುಂದಿನ ನೆಲದಲ್ಲಿ ಸಾಷ್ಟಾಂಗವೆರಗಿದ ಮೂವರು ಕೆಳದಿ ಅರಸರ ರೂಪಗಳನ್ನು ಹೆಸರು ಸಮೇತ ಕೊರೆದಿದ್ದಾರೆ. ದೇವರಿಗೆ ಹೋಗುವವರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು ಅರಸರೇ ಬಯಸಿದ್ದರಂತೆ.

ಈ ಗುಡಿಯ ಕಂಬಗಳಲ್ಲಿ ಒಂದು ರಾಜ್ಯದ ಲೆಕ್ಕವೇ ಅಡಗಿದೆ. ಶಿವಪ್ಪನಾಯಕನನ್ನು ನಮ್ಮ ಜನ ‘ಶಿಸ್ತಿನ ಶಿವಪ್ಪನಾಯಕ’ ಎನ್ನುತ್ತಾರೆ. ಈ ಶಿಸ್ತು ಸಾಲಾಗಿ ನಿಲ್ಲುವ ಶಿಸ್ತಲ್ಲ, ಕಂದಾಯದ ನಿಗದಿ. ರೈಸ್ ಸಾಹೇಬರ ಗೆಜೆಟಿಯರಿನ ಪ್ರಕಾರ ಆತ ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರವಾಗಿ ವಿಂಗಡಿಸಿದ. ಪ್ರತಿ ಗ್ರಾಮದಲ್ಲಿ ಒಂದೊಂದು ತರದ ಒಂದೊಂದು ಹೊಲವನ್ನು 12 ವರ್ಷ ಸರ್ಕಾರದ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಹುಟ್ಟುವಳಿ, ಅದರ ಬೆಲೆ ಎಲ್ಲವನ್ನೂ ಬರೆಸಿದ. ಸರಾಸರಿ ತೆಗೆದು ಮೂರನೆಯ ಒಂದು ಪಾಲನ್ನು ಅರಮನೆಗೆಂದು ಗೊತ್ತುಮಾಡಿದ. ಅಡಿಕೆ ತೋಟದ ಅಳತೆಗೆ ಹಿಡಿದ ಗಳು 18 ಅಡಿ 6 ಅಂಗುಲ; ಅದು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಂಬಗಳ ನಡುವಿನ ಅಂತರ. ಶ್ಯಾನುಭೋಗನ ಗಳು ಕಳೆಯಬಹುದು, ಯಾರಾದರೂ ಎರಡಂಗುಲ ಕತ್ತರಿಸಲೂಬಹುದು. ದೇವರ ಮನೆಯ ಕಂಬವನ್ನು ಸರಿಸುವವರಾರು? ಅನುಮಾನ ಬಂದ ರೈತ ನೇರವಾಗಿ ಬಂದು ಅಳೆದುಕೊಳ್ಳಬಹುದಿತ್ತು.

ಮೂರನೆಯ ಒಂದು ಪಾಲು ಹಗುರವಾದ ತೆರಿಗೆ ಎಂದು ನಾನು ಹೇಳಲಾರೆ. ಕವಲೇದುರ್ಗದ ಕಲ್ಲುಗಳನ್ನು ಹೊತ್ತ ಬೆನ್ನುಗಳು ಆ ರೈತರವೇ ಆಗಿದ್ದಿರಬೇಕು. ಆದರೂ ಹೊರೆ ಎಷ್ಟೆಂದು ಮೊದಲೇ ತಿಳಿದಿರುವುದಕ್ಕೂ, ವರ್ಷವರ್ಷವೂ ಕೇಳಿದಷ್ಟು ಕೊಡಬೇಕಾಗುವುದಕ್ಕೂ ಅಂತರವಿದೆ. ಅರಸುಮನೆತನ ಅಳಿದು 67 ವರ್ಷಗಳಾದ ಮೇಲೆ, 1830ರಲ್ಲಿ, ಕಂದಾಯದ ಕಾಟ ತಾಳಲಾರದೆ ಈ ನಗರ ಸೀಮೆಯ ರೈತರು ಕೂಟ ಕೂಡಿ ಎದ್ದರು. ತಾನು ಬಿದನೂರಿನ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಎಂಬವನ ಹಿಂದೆ ಜನ ನಿಂತರು. ಅವನು ನಿಜವಾದ ವಾರಸುದಾರನೋ ಅಲ್ಲವೋ ಎಂದು ವಿಚಾರಿಸುವ ಗೊಡವೆ ಜನಕ್ಕೆ ಹೆಚ್ಚಾಗಿ ಇದ್ದಂತಿಲ್ಲ. ಬಿದನೂರು ಎಂಬ ಹೆಸರೇ ಅವರಿಗೆ ಸಾಕಾಗಿತ್ತು ಎಂದು ನನ್ನ ಊಹೆ. ಈ ದಂಗೆಯನ್ನೇ ಮುಂದಿಟ್ಟು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಕಾಡಿನೊಳಗಿನ ರೈತರ ಕೂಟವೊಂದು ಇಡೀ ಸಂಸ್ಥಾನದ ಐವತ್ತು ವರ್ಷಗಳ ಚರಿತ್ರೆಯನ್ನು ಹೊರಳಿಸಿತು.

ಹೋಗುವವರಿಗೆ ಎರಡು ಮಾತು. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಹೋಗುವುದು ಲೇಸು. ಕವಲೇದುರ್ಗಕ್ಕೆ ಕುಡಿಯುವ ನೀರು ಜೊತೆಗಿರಲಿ. ಸಾಗರದವರೆಗೆ ಹೋದವರು ಕೆಳದಿಯನ್ನು ಬಿಡಬಾರದು; ರಾಮೇಶ್ವರ, ವೀರಭದ್ರರ ಗುಡಿಗಳಿವೆ, ಓಲೆಗರಿಗಳ ಸಂಗ್ರಹವಿರುವ ವಸ್ತುಸಂಗ್ರಹಾಲಯವಿದೆ. ಗೋಡೆಯ ಕಲ್ಲಿನ ಮೇಲೆ ಹೆಸರು ಗೀಚುವ ಚಪಲವಿರುವವರು ಇಕ್ಕೇರಿಯ ನೆಲದ ಮೇಲಿರುವ ಮೂರು ಹೆಸರುಗಳನ್ನು ಒಮ್ಮೆ ನೋಡಿ ಬರಲಿ.

ಗಳುವಿನ ಕಥೆ ಕೇಳಿದ ಮೇಲೆ ಹುಡುಗರು ಸುಮ್ಮನಿರಲಿಲ್ಲ. ಟೇಪು ತಂದಿಲ್ಲವೆಂದು ನನ್ನನ್ನು ಆಕ್ಷೇಪಿಸಿ, ಕಂಬದಿಂದ ಕಂಬಕ್ಕೆ ಒಬ್ಬ ಹೆಜ್ಜೆಯಲ್ಲಿ ಅಳೆದ, ಒಬ್ಬ ಮೊಳದಲ್ಲಿ, ಇನ್ನೊಬ್ಬ ಪಂಚೆಯ ಅಂಚಿನಲ್ಲಿ. ಮೂವರಿಗೂ ಮೂರು ಲೆಕ್ಕ ಬಂತು. ಸಾಗರದಲ್ಲಿ ಬಸ್ಸು ಹತ್ತಿದ ಮೇಲೂ ಜಗಳ ಮುಗಿಯಲಿಲ್ಲ. ಮುಂದಿನ ಸಲ ಟೇಪು ನಾನೇ ತರುವುದೆಂದು ತೀರ್ಮಾನವಾಯಿತು.